ಬೈಂಡಿನ ಒಳಗಿದ್ದ ಫೋಟೊ

ಪುಟ್ಟಿ,

ಈ ಕಾಗದವನ್ನು ಚಟ್ನಿಪುಡಿ ಡಬ್ಬದ ಕೆಳಗೆ, ಟವೆಲ್ಲಿನ ಮಡಿಕೆಯಲ್ಲಿ ಇಟ್ಟಿದ್ದೇನೆ. ಸೊಲ್ಲಾಪುರದ ಹತ್ತಿರ ಹಸಿವಾಗಿ ಚಪಾತಿ ಬಿಚ್ಚಿದರೆ ಸಿಗಬಹುದು. ಇಲ್ಲದಿದ್ದರೆ ದೆಹಲಿಯಲ್ಲಿ ರೂಮಿಗೆ ಹೋದ ಮೇಲೆ. ವಾಟ್ಸಾಪಿನಲ್ಲೇ ಬರೆಯಬಹುದಿತ್ತು. ಆದರೆ ಅಲ್ಲಿ ನೀಲಿ ಗೀಟು ಬಿದ್ದ ಕೂಡಲೇ ನಾನು ಉತ್ತರಕ್ಕೆ ಕಾಯುತ್ತ ಕೂರುತ್ತೇನೆ. ನೀನು ಉತ್ತರ ಕೊಡುವುದಿಲ್ಲ. ಆಮೇಲೆ ಇಬ್ಬರಿಗೂ ಕಷ್ಟ.

ಆವತ್ತು ತೋಟದಲ್ಲಿ ಆದದ್ದನ್ನು ಇಲ್ಲಿ ಬರೆಯುವುದಿಲ್ಲ. ನೀನೂ ಅಲ್ಲಿದ್ದೆ, ನಾನೂ ಅಲ್ಲಿದ್ದೆ. ಮಣಿಕಟ್ಟಿನ ಊತ ಇಳಿದಿದೆ ಅಂತ ಅಜ್ಜಿ ಹೇಳಿದಳು. ಲೆನ್ಸಿನ ರಿಪೇರಿಗೆ ಎಷ್ಟಾಯಿತು ಅಂತ ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಟವೆಲ್ಲಿನಲ್ಲೇ ಇನ್ನೊಂದು ಕವರ್ ಇದೆ. ಸುಮ್ನೆ ತೆಗೆದುಕೋ, ವಾಪಸ್ ಕಳಿಸಬೇಡ.

ನಿನ್ನ ರೈಲು ಎರಡನೇ ರಾತ್ರಿ ಭೋಪಾಲಿನಲ್ಲಿ ನಿಲ್ಲುತ್ತದೆ. ಟಿಕೆಟ್ ನೋಡಿದಾಗಿನಿಂದ ಅದೊಂದೇ ತಲೆಯಲ್ಲಿ ಸುತ್ತುತ್ತಿದೆ. ನಿನಗೆ ಯಾವತ್ತೂ ಹೇಳದ ಒಂದು ವಿಷಯ ಇದೆ. ಹೇಳುವಂಥದ್ದು ಅಂತ ಅನ್ನಿಸಿರಲಿಲ್ಲ.

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಪೇಪರ್ ಹಾಕಿಸುತ್ತಿರಲಿಲ್ಲ. ಆದರೂ ಪ್ರಪಂಚದ ಸುದ್ದಿ ಬರುತ್ತಿತ್ತು, ಕೇಜಿ ಲೆಕ್ಕದಲ್ಲಿ. ತಿಪಟೂರಿನ ನಿಮ್ಮ ತಾತನ ಅಂಗಡಿಗೆ ಪೊಟ್ಟಣ ಕಟ್ಟಲು ರದ್ದಿ ತರಿಸುತ್ತಿದ್ದರಲ್ಲ, ಅದರಲ್ಲಿ. ಮೂರು ತಿಂಗಳು, ಆರು ತಿಂಗಳು ತಡವಾಗಿ. ಕಡಲೆಬೇಳೆ ಪೊಟ್ಟಣ ಬಿಚ್ಚಿದರೆ ಇಂದಿರಾ ಗಾಂಧಿಯವರ ಅಂತ್ಯಕ್ರಿಯೆ. ಒಣಮೆಣಸಿನಕಾಯಿ ಕೆಳಗೆ ಇಥಿಯೋಪಿಯಾದ ಬರ, ಪಕ್ಕೆಲುಬು ಎಣಿಸಬಹುದಾದ ಮಕ್ಕಳು. ಕಣ್ಣಲ್ಲಿ ನೀರು ಬರುತ್ತಿತ್ತು. ಮೆಣಸಿನಕಾಯಿ ಘಾಟಿಗೆ, ಆ ಮಕ್ಕಳಿಗಾಗಿ ಅಲ್ಲ. ಸುಳ್ಳು ಯಾಕೆ ಹೇಳಲಿ.

1985ರ ಜೂನ್. ನಾನು ಏಳನೇ ಕ್ಲಾಸು. ಪುಸ್ತಕಕ್ಕೆಲ್ಲ ಬೈಂಡ್ ಹಾಕುವ ಕೆಲಸ ಅಜ್ಜಿಯದು. ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಪಕ್ಕದಲ್ಲಿ ಕತ್ತರಿ ಇಟ್ಟುಕೊಂಡು, ರದ್ದಿಯಿಂದ ಗಟ್ಟಿ ಹಾಳೆ ಆರಿಸಿ ಆರಿಸಿ ಇಡುತ್ತಿದ್ದಳು. ವಾರಪತ್ರಿಕೆಯ ಹಾಳೆ ಸಿಕ್ಕರೆ ಅದು ನನಗೆ, ದಿನಪತ್ರಿಕೆ ನಿನ್ನ ಮಾವನಿಗೆ. ಲೆಕ್ಕದ ನೋಟ್ಸಿಗೆ ಒಂದು ಹಾಳೆ ತೆಗೆದಳು. ನೋಡಿದಳು. ತಿರುಗಿಸಿದಳು. "ಇದು ಒಳಗಡೆ ಹೋಗ್ಲಿ" ಅಂದಳು. ಹೊರಗಡೆ ಯಾವುದೋ ಟಾನಿಕ್ಕಿನ ಜಾಹೀರಾತು ಬಂತು. ವರ್ಷವಿಡೀ ನನ್ನ ಲೆಕ್ಕದ ನೋಟ್ಸಿನ ಮೇಲೆ ಟಾನಿಕ್ ಬಾಟಲಿ, ಒಳಗೆ ಅದು.

ಒಳಗಡೆ ಹೋಗಲಿ ಅಂದ ಮೇಲೆ ನೋಡದೆ ಇರಲು ಆಗುತ್ತಾ? ಮೊದಲ ದಿನವೇ ಕ್ಲಾಸಿನಲ್ಲಿ ಬೈಂಡಿನ ಅಂಚು ಬಿಡಿಸಿ ನೋಡಿದೆ. ಕಪ್ಪು ಬಿಳುಪು. ಬರೀ ಮುಖ. ಸುತ್ತ ಮಣ್ಣು, ಕಲ್ಲು. ಕಣ್ಣು ತೆರೆದೇ ಇದೆ, ಆದರೆ ಒಳಗೆ ಏನೂ ಇಲ್ಲದ ಹಾಗೆ ಬೆಳ್ಳಗೆ. ಮೇಲಿಂದ ಒಂದು ಕೈ ಬಂದಿದೆ, ದೊಡ್ಡವರದು. ಹಣೆಯ ಮೇಲಿನ ಮಣ್ಣು ಒರೆಸುತ್ತಿದೆ. ಕೆಳಗೆ ಏನೋ ಬರೆದಿದ್ದಿರಬೇಕು. ಅಜ್ಜಿಯ ಕತ್ತರಿ ಆ ಸಾಲನ್ನು ತಿಂದುಹಾಕಿತ್ತು.

ನಾನು ಗೊಂಬೆ ಅಂದುಕೊಂಡೆ.

ನಿಜವಾಗಿಯೂ. ಯಾರೋ ಆಟಕ್ಕೆ ಗೊಂಬೆಯನ್ನು ಮಣ್ಣಲ್ಲಿ ಹೂಳುತ್ತಿದ್ದಾರೆ ಅಂತ. ಆ ಕಣ್ಣು ಹಾಗೇ ಇತ್ತು. ಹತ್ತಿರ ಹಿಡಿದು ನೋಡಿದರೆ ಕಣ್ಣೂ ಇಲ್ಲ ಮೂಗೂ ಇಲ್ಲ, ಬರೀ ಚುಕ್ಕಿ. ದೂರ ಹಿಡಿದರೆ ಮತ್ತೆ ಮುಖ. ಭಾಗಾಕಾರ ಮಾಡಿಸುವ ಪಿರಿಯಡ್ಡಿನಲ್ಲಿ ನನ್ನ ಆಟ ಇದೇ. ಹತ್ತಿರ, ದೂರ. ಚುಕ್ಕಿ, ಮುಖ. ಮಳೆಗಾಲದಲ್ಲಿ ನೋಟ್ಸು ನೆನೆದು ಟಾನಿಕ್ ಬಾಟಲಿಯ ಮೂಲೆ ಹರಿದು ಹೊರಕ್ಕೆ ಮಡಚಿಕೊಂಡಿತು. ಅಲ್ಲಿಂದ ಹಣೆಯೊಂದು ಚೂರು, ಬೆರಳೊಂದು ಚೂರು ಕಾಣತೊಡಗಿತು. ಅಜ್ಜಿ ಗಂಜಿ ಹಚ್ಚಿ ಮುಚ್ಚಿದಳು. ನಾನು ಉಗುರಿನಲ್ಲಿ ಕೆರೆದು ಮತ್ತೆ ತೆಗೆದೆ. ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ.

ಪರೀಕ್ಷೆ ಹತ್ತಿರ ಬಂದಿತ್ತು. ಅಂಗಡಿಯಿಂದ ಬೆಲ್ಲ ಬಂತು. ಬೆಲ್ಲಕ್ಕೆ ಅಂಟಿದ್ದ ಪೇಪರನ್ನು ಬಿಡಿಸಿದರೆ ಅದೇ ಮುಖ, ಈ ಸಲ ಚಿಕ್ಕದು. ಕೆಳಗೆ ಸಾಲು ಇತ್ತು. ಭೋಪಾಲ್ ಅನಿಲ ದುರಂತಕ್ಕೆ ಒಂದು ವರ್ಷ. ಹೆಸರು ಗೊತ್ತಿಲ್ಲದ ಮಗು.

ನೋಟ್ಸು ತಂದು ಪಕ್ಕದಲ್ಲಿ ಇಟ್ಟು ನೋಡಿದೆ. ಒಂದು ವರ್ಷ ಗೊಂಬೆಯಾಗಿದ್ದದ್ದು ಆ ಒಂದು ಸಾಲಿನಲ್ಲಿ ಮಗುವಾಯಿತು. ನಾನು ಅದರ ಮುಖದ ಮೇಲೆ, ಈಚೆ ಕಡೆಯಿಂದ, ಪೆನ್ನು ಒತ್ತಿ ಒತ್ತಿ ಲೆಕ್ಕ ಮಾಡಿದ್ದೆ. ಹಾಳೆಯ ಮೇಲೆ ಗೀಟುಗಳ ತಗ್ಗು ಬಿದ್ದಿತ್ತು.

ಅಂಗಡಿಗೆ ಓಡಿದೆ. "ಅಪ್ಪ, ಈ ಮಗುವಿನ ಹೆಸರೇನು?" ತಾತ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಗಿರಾಕಿ ನಿಂತಿದ್ದರು. "ಗೊತ್ತಿಲ್ಲವಂತೆ ಕಣಮ್ಮ" ಅಂದರು. ಆ ಹಾಳೆಯನ್ನು ಮಡಚಿ ಗಲ್ಲಾಪೆಟ್ಟಿಗೆಯ ಕೆಳಗೆ ಇಟ್ಟರು. ಅವತ್ತಿನಿಂದ ಮಕ್ಕಳ ಫೋಟೊ ಇರುವ ಹಾಳೆಯಲ್ಲಿ ಅವರು ಪೊಟ್ಟಣ ಕಟ್ಟಲಿಲ್ಲ. ಎತ್ತಿಡುತ್ತಿದ್ದರು. ಕೊಲಂಬಿಯಾದ ಹುಡುಗಿಯ ಚಿತ್ರ ಬಂದಾಗಲೂ ಹಾಗೇ ಮಾಡಿದರು. 1985ರ ನವೆಂಬರಿನಲ್ಲಿ ಜ್ವಾಲಾಮುಖಿ ಸಿಡಿದು ಆರ್ಮೆರೋ ಅನ್ನುವ ಊರನ್ನು ಕೆಸರು ನುಂಗಿತಲ್ಲ, ಅಲ್ಲಿ ಮೂರು ದಿನ ಕುತ್ತಿಗೆಯವರೆಗೆ ಸಿಕ್ಕಿಕೊಂಡಿದ್ದ ಒಮೈರಾ. ಅವಳಿಗೆ 13, ನನಗೆ 12. ಕೊಲಂಬಿಯಾ ಎಲ್ಲಿದೆ ಅಂತ ಶಾಲೆಯ ಗೋಡೆ ನಕ್ಷೆಯಲ್ಲಿ ಹುಡುಕಿದ್ದು ಅವಳಿಗಾಗಿ. ಮುಂದೆ ನಾನು ಸಮಾಜ ವಿಜ್ಞಾನದ ಮೇಡಂ ಆದದ್ದು ಯಾಕೆ ಅಂತ ಯಾರಾದರೂ ಕೇಳಿದರೆ ಬೇರೆ ಏನೇನೋ ಹೇಳುತ್ತೇನೆ.

ತಾತನ ಆ ಕಂತೆಗಾಗಿ ಹೋದ ವಾರ ಅಟ್ಟ ಹತ್ತಿದ್ದೆ. ಇಲಿ ತಿಂದು ಪುಡಿ ಮಾಡಿಟ್ಟಿವೆ.

ಆ ಭೋಪಾಲಿನ ಮಗುವಿನ ಫೋಟೊ ತೆಗೆದವರು ಇಬ್ಬರು ಅಂತ ನನಗೆ ಗೊತ್ತಾದದ್ದು ತೀರಾ ಈಚೆಗೆ, ನಿನ್ನ ಲ್ಯಾಪ್‌ಟಾಪಿನಲ್ಲಿ. ರಘು ರಾಯ್ ತೆಗೆದದ್ದು ಕಪ್ಪು ಬಿಳುಪು. ಪ್ಯಾಬ್ಲೊ ಬಾರ್ತಲೋಮ್ಯೂ ತೆಗೆದದ್ದು ಬಣ್ಣದ್ದು, ಅದಕ್ಕೆ ವರ್ಲ್ಡ್ ಪ್ರೆಸ್ ಫೋಟೊದ ಆ ವರ್ಷದ ದೊಡ್ಡ ಪ್ರಶಸ್ತಿ ಬಂತು. ಬಣ್ಣದ್ದನ್ನು ನೀನು ತೋರಿಸಿದಾಗ ಗ್ಯಾಸ್ ಮೇಲೆ ಹಾಲಿದೆ ಅಂತ ಎದ್ದುಹೋದೆ ನೆನಪಿದೆಯಾ? ಗ್ಯಾಸ್ ಮೇಲೆ ಏನೂ ಇರಲಿಲ್ಲ. ನನ್ನ ಮಗು ಕಪ್ಪು ಬಿಳುಪಿನದು. ಅದಕ್ಕೆ ಬಣ್ಣ ಬಂದರೆ ನನಗೆ ತಡೆಯಲು ಆಗುವುದಿಲ್ಲ. ಇವತ್ತಿಗೂ ಅದು ಯಾರ ಮಗು ಅಂತ ಗೊತ್ತಾಗಿಲ್ಲ. 40 ವರ್ಷದಲ್ಲಿ ಎಷ್ಟು ಜನ ಆ ಚಿತ್ರ ಹಿಡಿದು ಮೆರವಣಿಗೆ ಹೋಗಿದ್ದಾರೆ, ಎಷ್ಟು ಗೋಡೆಗೆ ಅಂಟಿಸಿದ್ದಾರೆ. ಹೆಸರು ಮಾತ್ರ ಇಲ್ಲ.

1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಫ್ಯಾಕ್ಟರಿಯಿಂದ ಸುಮಾರು 40 ಟನ್ ವಿಷದ ಗಾಳಿ ಹೊರಬಿತ್ತು. ರೈಲ್ವೆ ಸ್ಟೇಷನ್ನಿನವರೆಗೂ ಬಂತು. ನೀನು ಇಳಿದು ಟೀ ಕುಡಿಯುವ ಸ್ಟೇಷನ್ನೇ. ಅವತ್ತು ಅಲ್ಲಿ ಡ್ಯೂಟಿಯಲ್ಲಿದ್ದ ಗುಲಾಂ ದಸ್ತಗೀರ್ ಅನ್ನುವವರು, ಅಲ್ಲಿ ನಿಂತಿದ್ದ ರೈಲನ್ನು ಹೊತ್ತಿಗೆ ಮುಂಚೆಯೇ ಬಿಡಿಸಿ ಅದರಲ್ಲಿದ್ದ ಜನರನ್ನು ಉಳಿಸಿದರಂತೆ. ಅದರ ಫೋಟೊ ನಾನು ಎಲ್ಲೂ ನೋಡಿಲ್ಲ. ಇದನ್ನು ನೀನು ನೆನಪಿಟ್ಟುಕೊಳ್ಳಬೇಕು. ಫೋಟೊದಲ್ಲಿ ಪ್ರಪಂಚ ಸಾಯುತ್ತಲೇ ಇರುತ್ತದೆ. ಸಾಯದಂತೆ ಯಾರೋ ಮಧ್ಯರಾತ್ರಿ ಹಸಿರು ಸಿಗ್ನಲ್ ಕೊಡಿಸಿದ್ದು ಕ್ಯಾಮೆರಾಕ್ಕೆ ಸಿಗುವುದಿಲ್ಲ.

ನೋಡು, ಪಾಠ ಶುರುವಾಯಿತು. ಮಾಡುವುದಿಲ್ಲ ಅಂದುಕೊಂಡೇ ಕೂತಿದ್ದೆ. ಬಾಯಿ ಬಿಟ್ಟರೆ ಮೇಡಂ ಅಂತ ನೀನು ನಗುತ್ತಿದ್ದೆ, ನಗು. ಆದರೆ ಒಂದೆರಡು ಹೇಳಿಬಿಡುತ್ತೇನೆ.

ಫೋಟೊ ಕೆಳಗಿನ ಸಾಲನ್ನು ನೀನೇ ಬರಿ. ಯಾರ ಕತ್ತರಿಗೂ ಬಿಡಬೇಡ. ಊರು, ತಾರೀಖು, ಹೆಸರು. ಕೇಳಲು ಆಗದಿದ್ದರೆ ಕೇಳಲು ಆಗಲಿಲ್ಲ ಅಂತಲೇ ಬರಿ. ಸೂಡಾನಿನ ಬರದ ಚಿತ್ರ ಗೊತ್ತಲ್ಲ, 1993ರದ್ದು, ಕುಸಿದು ಕೂತ ಮಗು, ಹಿಂದೆ ಹದ್ದು. ಕೆವಿನ್ ಕಾರ್ಟರ್ ತೆಗೆದದ್ದು. ಪ್ರಪಂಚವೆಲ್ಲ ಆ ಮಗುವನ್ನು ಹುಡುಗಿ ಅಂದುಕೊಂಡಿತು, ಹದ್ದು ತಿಂದಿತು ಅಂದುಕೊಂಡಿತು. ಆ ಮಗು ಏನಾಯಿತು ಅಂತ ಪತ್ರಿಕೆಗೆ ಫೋನಿನ ಮೇಲೆ ಫೋನು. ಕಾರ್ಟರ್‌ನನ್ನೂ ಹದ್ದು ಅಂದರು. ಪುಲಿಟ್ಜರ್ ಪ್ರಶಸ್ತಿ ಬಂದ ಕೆಲವೇ ತಿಂಗಳಿಗೆ, 33ನೇ ವಯಸ್ಸಿನಲ್ಲಿ, ಅವನು ಜೀವ ತೆಗೆದುಕೊಂಡ. ಎಷ್ಟೋ ವರ್ಷದ ಮೇಲೆ ಪತ್ರಕರ್ತರು ಆ ಊರಿಗೆ ಹೋಗಿ ವಿಚಾರಿಸಿದರೆ ಅದು ಗಂಡುಮಗು, ಆ ಬರದಲ್ಲಿ ಬದುಕಿ ಉಳಿದಿತ್ತು. ಫೋಟೊದಲ್ಲೇ ಸುಳಿವು ಇತ್ತು ಪುಟ್ಟಿ. ಮಗುವಿನ ಮಣಿಕಟ್ಟಿನಲ್ಲಿ ಬಿಳಿ ಪಟ್ಟಿ, ಗಂಜಿಕೇಂದ್ರದವರು ಹೆಸರು ಬರೆದುಕೊಂಡಾಗ ಕಟ್ಟುವುದು. ಎಲ್ಲರೂ ಹದ್ದು ನೋಡಿದರು, ಕೈ ಯಾರೂ ನೋಡಲಿಲ್ಲ. ಇದನ್ನು ನಾನು ಹತ್ತನೇ ಕ್ಲಾಸಿನ ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ಹೇಳುವಾಗಲೆಲ್ಲ ನನ್ನ ಲೆಕ್ಕದ ನೋಟ್ಸು ನೆನಪಾಗುತ್ತದೆ.

ತೆಗೆದ ಪ್ರತಿ ಚಿತ್ರಕ್ಕೂ ನಿನ್ನ ಹೆಸರು, ಹೊತ್ತು ಎಲ್ಲ ಸರಿಯಾಗಿ ಬರೆದಿಡು. ವಿಯೆಟ್ನಾಮಿನ ಆ ಹುಡುಗಿ, ಬಾಂಬಿಗೆ ಬಟ್ಟೆ ಸುಟ್ಟು ರಸ್ತೆಯಲ್ಲಿ ಓಡಿಬರುವುದು, 1972ರದ್ದು. ಐವತ್ತು ವರ್ಷ ನಿಕ್ ಉಟ್ ತೆಗೆದದ್ದು ಅಂತಲೇ ಓದಿದ್ದೆವು. 2025ರಲ್ಲಿ ವರ್ಲ್ಡ್ ಪ್ರೆಸ್ ಫೋಟೊದವರು ಯಾರು ತೆಗೆದದ್ದೋ ಅನುಮಾನ ಇದೆ ಅಂತ ಹೆಸರನ್ನೇ ತಡೆಹಿಡಿದರು. ಅಷ್ಟು ದೊಡ್ಡ ಚಿತ್ರಕ್ಕೇ ಹೀಗೆ. ಮತ್ತೆ ಈಗ ಇಲ್ಲವೇ ಇಲ್ಲದ ಮಗುವೂ ಅಳುವ ಹಾಗೆ ಕಂಪ್ಯೂಟರ್ ಚಿತ್ರ ಮಾಡಿಬಿಡುತ್ತದೆ. ನಿಜವಾಗಿ ಅಳುವ ಮಗುವನ್ನೂ ಜನ ನಂಬದ ಕಾಲ ಇದು. ನಿನ್ನ ಕೆಲಸ ನಮ್ಮ ಕಾಲದವರಿಗಿಂತ ಕಷ್ಟ. ಸಾಕು.

2015ರಲ್ಲಿ ನಾನೂ ಅಜ್ಜಿಯ ಹಾಗೇ ಮಾಡಿದ್ದೆ. ಟರ್ಕಿಯ ಬೋಡ್ರಮ್ ದಡದಲ್ಲಿ ಮುಖ ಕೆಳಗಾಗಿ ಬಿದ್ದಿದ್ದ ಸಿರಿಯಾದ ಆ ಕೂಸು, ಕೆಂಪು ಶರ್ಟು, ಕಾಲಲ್ಲಿ ಬೂಟು. ಬೆಳಿಗ್ಗೆ ಪೇಪರ್ ಬಂದ ಕೂಡಲೇ ಆ ಹಾಳೆಯನ್ನು ಒಳಮುಖ ಮಾಡಿ ಮಡಚಿ ಫ್ರಿಜ್ಜಿನ ಮೇಲೆ ಇಟ್ಟೆ. ನೀನು ಆಗಲೇ ಶಾಲೆಯಲ್ಲಿ ಯಾರದೋ ಫೋನಿನಲ್ಲಿ ನೋಡಿಕೊಂಡು ಬಂದಿದ್ದೆ. ನೀನು ಅಳಲಿಲ್ಲ. ಅಟ್ಲಾಸ್ ಕೇಳಿದೆ. ಬೋಡ್ರಮ್‌ನಿಂದ ಗ್ರೀಸಿನ ಕೋಸ್ ದ್ವೀಪಕ್ಕೆ ಸ್ಕೇಲ್ ಇಟ್ಟೆ. ಅಟ್ಲಾಸಿನಲ್ಲಿ ಅಲ್ಲಿ ಜಾಗವೇ ಇಲ್ಲ, ಎರಡೂ ಅಂಟಿಕೊಂಡಿವೆ. "ಇಷ್ಟೇ ಇಷ್ಟು ನೀರಾ ಅಮ್ಮ?" ಅಂದೆ. ಅವತ್ತೇ ಗೊತ್ತಾಗಬೇಕಿತ್ತು ನನಗೆ, ಇವಳು ಬ್ಯಾಂಕಿನ ಪರೀಕ್ಷೆ ಬರೆಯುವವಳಲ್ಲ ಅಂತ. ಗೊತ್ತಾಗಿತ್ತು. ಆದರೂ ನಾಲ್ಕು ಸಲ ಅರ್ಜಿ ಹಾಕಿಸಿದೆ.

ಭಯ ಪುಟ್ಟಿ, ಬೇರೇನಿಲ್ಲ. ಡ್ಯಾನಿಶ್ ಸಿದ್ದಿಕಿ ತೆಗೆದ ಚಿತ್ರಗಳನ್ನು ನೀನು ಗೋಡೆಗೆ ಹಾಕಿಕೊಂಡಿದ್ದೀಯ. ದಡ ಸೇರಿ ಮರಳನ್ನು ಮುಟ್ಟುವ ರೋಹಿಂಗ್ಯಾ ಹೆಂಗಸು, ಕೊರೊನಾದಲ್ಲಿ ದೆಹಲಿಯಲ್ಲಿ ಸಾಲುಸಾಲಾಗಿ ಉರಿದ ಚಿತೆಗಳು. ನೀನು ಚಿತ್ರ ನೋಡುತ್ತೀಯ. ನಾನು ಅವರು ಅಫ್ಘಾನಿಸ್ತಾನದಲ್ಲಿ ಸತ್ತ 2021ರ ಜುಲೈ 16 ನೋಡುತ್ತೇನೆ, ಸ್ಪಿನ್ ಬೋಲ್ದಕ್ ನೋಡುತ್ತೇನೆ, 38 ವರ್ಷ ನೋಡುತ್ತೇನೆ. ಎದೆ ಮೇಲೆ ಪ್ರೆಸ್ ಅಂತ ಬರೆದುಕೊಂಡಿದ್ದರೆ ಸಾಲದು, ಗುಂಡಿಗೆ ಓದಲು ಬರುವುದಿಲ್ಲ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರ ಹಾಗೆ ಆಡುವ ಮಕ್ಕಳು, ಸಂತೆ, ಹಬ್ಬ ತೆಗಿ ಅನ್ನಬೇಕು ಅನ್ನಿಸುತ್ತದೆ. ಅವರ ಮಕ್ಕಳ ಚಿತ್ರಗಳು 1979ರಲ್ಲಿ ವಿಶ್ವಸಂಸ್ಥೆಯವರೆಗೂ ಹೋಗಿದ್ದವು, ಗುಂಡಿನ ಎದುರು ನಿಲ್ಲದೆಯೇ. ಆದರೆ ಹಾಗೆ ಹೇಳುವ ಹಕ್ಕು ನನಗಿಲ್ಲ ಅಲ್ವಾ. ಬೇರೆಯವರ ಮಕ್ಕಳು ಹೋಗಿ ತೆಗೆದದ್ದನ್ನು ನೋಡಿಕೊಂಡೇ ಅಟ್ಲಾಸ್ ಕಲಿತವಳು ನಾನು.

ಆವತ್ತಿನದು ಬರೆಯುವುದಿಲ್ಲ ಅಂದೆ. ಸ್ವಲ್ಪ ಬರೆಯುತ್ತೇನೆ.

ನೀನು ಕೇಳಬೇಕಿತ್ತು. ಅದನ್ನು ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ. ತಾತನನ್ನು ಇನ್ನೂ ಗುಂಡಿಯಲ್ಲಿ ಸರಿಯಾಗಿ ಕೂರಿಸಿರಲಿಲ್ಲ. ವಿಭೂತಿ ಗಟ್ಟಿ ಇಡುತ್ತಿದ್ದರು. ಆಗ ಕ್ಯಾಮೆರಾದ ಆ ಸದ್ದು ಕೇಳಿತು. ಇದು ಸುದ್ದಿಯಲ್ಲ, ನಮ್ಮಪ್ಪ, ಅನ್ನಿಸಿತು. ಆದರೆ ಕೈ ಮಾಡಬಾರದಿತ್ತು. ಅಷ್ಟು ಜನರ ಎದುರು, ಅಷ್ಟು ದೊಡ್ಡ ಮಗಳಿಗೆ. ಅದು ತಪ್ಪು. ನಿನ್ನ ಎದುರು ನಿಂತು ಹೇಳಲು ಮೂರು ವಾರ ನೋಡಿದೆ, ಬಾಯಿ ಬರಲಿಲ್ಲ.

ಕ್ಯಾಮೆರಾ ಬಿದ್ದಾಗ ಎತ್ತಿಕೊಂಡದ್ದು ನಾನು. ಹಿಂದಿನ ಪರದೆಯ ಮೇಲೆ ಚಿತ್ರ ಇನ್ನೂ ಇತ್ತು. ನೀನು ಕಿತ್ತುಕೊಳ್ಳುವ ಮುಂಚೆ ನೋಡಿದೆ. ತಾತನ ರೆಪ್ಪೆಯ ಮೇಲೆ ಉದುರಿದ ವಿಭೂತಿ. ಮೇಲಿಂದ ಬಗ್ಗಿದ ಅಜ್ಜಿಯ ಕೈ, ಸೆರಗಿನ ತುದಿಯಲ್ಲಿ ಒರೆಸುತ್ತಿರುವುದು. ಬರೀ ಮುಖ, ಬರೀ ಕೈ. ಸುತ್ತ ಮಣ್ಣು.

ನೀನು ಬೇಕೆಂದೇ ಹಾಗೆ ತೆಗೆದೆಯಾ? ನಿನ್ನ ಗೋಡೆಯ ಮೇಲೆ ಅದಿಲ್ಲ, ಆದರೂ ನಿನ್ನ ಕಣ್ಣಿನಲ್ಲಿ ಎಲ್ಲೋ ಇತ್ತೋ ಏನೋ. ನನಗೆ ಮಾತ್ರ ನಲವತ್ತು ವರ್ಷದಿಂದ ಬೈಂಡಿನ ಒಳಗೆ ಇದ್ದ ಹಾಳೆ ಹೊರಕ್ಕೆ ತಿರುಗಿದ ಹಾಗಾಯಿತು. ಆ ಮಗುವಿನ ಹಣೆ ಒರೆಸುತ್ತಿದ್ದ ಮನುಷ್ಯನನ್ನು, ತೆಗೆಯಲಾ ಅಂತ ಯಾರಾದರೂ ಕೇಳಿದ್ದರಾ? ನಾನಂತೂ ಕೇಳಿರಲಿಲ್ಲ. ಭಾಗಾಕಾರದ ಪಿರಿಯಡ್ಡಿನಲ್ಲಿ ಹತ್ತಿರ ಹಿಡಿದು ದೂರ ಹಿಡಿದು ನೋಡಿದ್ದೆ.

ನಿನ್ನೆ ನಿನ್ನ ಚಪಾತಿಗೆ ಹಿಟ್ಟು ಕಲಸುವಾಗ ಅಜ್ಜಿ ಕೇಳಿದಳು. "ಆ ಹುಡುಗಿ ತೆಗೆದದ್ದು ನಂಗೆ ತೋರಿಸ್ಲೇ ಇಲ್ವಲ್ಲ." ಡಿಲೀಟ್ ಮಾಡಿರುತ್ತಾಳೆ ಅಂದೆ. "ಮಾಡಿರಲ್ಲ ಬಿಡು" ಅಂದಳು. ಆಮೇಲೆ ಸ್ವಲ್ಪ ಹೊತ್ತು ಹಿಟ್ಟು ನಾದಿ, "ನಮ್ಮಿಬ್ರದ್ದು ಒಂದೇ ಒಂದು ಫೋಟೊ, ಮದುವೇದು. ಅದ್ರಲ್ಲೂ ಮಾರು ದೂರ ಕೂರಿಸಿದ್ರು" ಅಂದಳು.

ಮಾಡಿಲ್ಲ ಅಲ್ವಾ?

ಮಾಡಿಲ್ಲದಿದ್ದರೆ ಅಜ್ಜಿಗೆ ಒಂದು ಪ್ರಿಂಟ್ ಕಳಿಸು, ಅವಳ ಕಣ್ಣಿಗೆ ಕಾಣುವಷ್ಟು ದೊಡ್ಡದು. ನನಗೂ ಒಂದು, ಚಿಕ್ಕದು. ಗೋಡೆಗೆ ಹಾಕುವುದಿಲ್ಲ. ಬೀರುವಿನ ಬಾಗಿಲಿಗೆ, ಒಳಗಡೆಯಿಂದ ಅಂಟಿಸಿಕೊಳ್ಳುತ್ತೇನೆ. ಹಿಂದೆ ತಾತನ ಹೆಸರು, ಊರು, ತಾರೀಖು ಬರೆದಿರು.

ಚಟ್ನಿಪುಡಿ ಡಬ್ಬದ ಮುಚ್ಚಳ ಸ್ವಲ್ಪ ಸಡಿಲ. ರಬ್ಬರ್ ಹಾಕಿದ್ದೇನೆ, ಬಿಸಾಡಬೇಡ. ಕ್ಯಾಮೆರಾ ಬ್ಯಾಗಿನ ಹತ್ತಿರ ಇಡಬೇಡ.

ಅಮ್ಮ